ಸಂದೇಶದ ಕೊನೆ ಎಲ್ಲಿ?

ಈ ಲೇಖನವನ್ನು ಹತ್ತಿಯ ಹೊಲದಿಂದ ಆರಂಭಿಸುವುದು ಅನುಚಿತವಾಗಲಾರದು. ಹಾವೇರಿ, ಧಾರವಾಡ, ರಾಯಚೂರು ಜಿಲ್ಲೆಗಳ ನಮ್ಮ ವಾಚಕರಲ್ಲಿ ಅನೇಕರು ಬಿಟಿ ಹತ್ತಿಯ ಗಿಡವನ್ನು ಕಣ್ಣಾರೆ ಕಂಡಿರುತ್ತಾರೆ. ಉಳಿದವರು ಅದರ ಹೆಸರನ್ನಾದರೂ ಕೇಳಿರುತ್ತಾರೆ. ಕಾಯಿಕೊರಕ ಹುಳುವಿಗೆ ಮಾರಕವಾದ ಒಂದು ಪ್ರೋಟೀನನ್ನು ಈ ಗಿಡವು ತನ್ನ ಅಂಗಾಂಗಗಳಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಆ ಪ್ರೋಟೀನಿನ ಜೀನು ಮೂಲತಃ ಹತ್ತಿಯದಲ್ಲ. ಮಣ್ಣಿನಲ್ಲಿ ವಾಸಿಸುವ ‘ಬೆಸಿಲಸ್ ತುರಿಂಜಿಯೆನ್ಸಿಸ್’ ಎಂಬ ಬ್ಯಾಕ್ಟೀರಿಯದ್ದು. (ಜಪಾನಿನ ಇಶಿವಾತಾ ಎಂಬ ವಿಜ್ಞಾನಿಯು 1901ರಲ್ಲಿ ಈ ಬ್ಯಾಕ್ಟೀರಿಯವನ್ನು ಮೊದಲು ಕಂಡದ್ದು ರೋಗದಿಂದ ಸತ್ತ ರೇಷ್ಮೆಹುಳುಗಳಲ್ಲಿ. ರೇಷ್ಮೆಯನ್ನೂ ಹತ್ತಿಯನ್ನೂ ಬೆಳೆಯುವ ನಮ್ಮ ನಾಡಿಗೆ ಅದು ಒಂದು ಕೈಯಲ್ಲಿ ಶತ್ರು, ಇನ್ನೊಂದು ಕೈಯಲ್ಲಿ ಮಿತ್ರ.) ಭಾರತದಲ್ಲಿ ಈ ಹತ್ತಿಯ ಬೇಸಾಯಕ್ಕೆ 2002ರ ಮಾರ್ಚ್ ತಿಂಗಳಲ್ಲಿ ಅನುಮತಿ ದೊರೆಯಿತು, ಮೊದಲು ಅನುಮತಿ ಪಡೆದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ವರ್ಷಗಳು ಕಳೆದಂತೆ ಗುಲಾಬಿ ಕಾಯಿಕೊರಕವು ಈ ವಿಷವನ್ನು ಅರಗಿಸಿಕೊಳ್ಳಲು ಕಲಿತದ್ದೂ, ಬೆಳೆಯ ಲಾಭನಷ್ಟಗಳ ವಾದವೂ ಬೇರೊಂದು ಲೇಖನಕ್ಕೆ ತಕ್ಕ ವಿಷಯಗಳು. ನಾವು ಇಲ್ಲಿ ಹೇಳಹೊರಟಿರುವುದು ಅದಕ್ಕೂ ಹಿಂದಿನ ಕಥೆ. ಈ ಜೀನು ಗಿಡದಲ್ಲಿ ಕೆಲಸ ಮಾಡಲು ಮೊದಲು ಒಪ್ಪಲೇ ಇಲ್ಲವೆಂಬ ಕಥೆ.

1987ರಲ್ಲಿ ಬೆಲ್ಜಿಯಂ ದೇಶದ ಘೆಂಟ್ ನಗರದ ಸಂಶೋಧಕರು ಹೊಗೆಸೊಪ್ಪಿನ ಗಿಡಕ್ಕೂ, ಅಮೆರಿಕದ ಸಂಶೋಧಕರು ಟೊಮೇಟೊ ಗಿಡಕ್ಕೂ ಈ ಜೀನನ್ನು ಸೇರಿಸಿದರು. ಜೀನು ಗಿಡದ ಡಿಎನ್‌ಎಯಲ್ಲಿ ನೆಲೆಯಾಗಿ ನಿಂತಿತು. ಅದನ್ನು ಚಾಲನೆಗೊಳಿಸುವ ಬಲವಾದ ಚಾಲಕ ಖಂಡವನ್ನು ಮುಂದುಗಡೆ ಜೋಡಿಸಿಯೂ ಇದ್ದರು. ಹೀಗಿದ್ದರೂ ಎಲೆಯಲ್ಲಿ ತಯಾರಾದ ಪ್ರೋಟೀನು ಅತ್ಯಲ್ಪ. ಪೂರ್ಣ ಜೀನನ್ನು ಸೇರಿಸಿದ ಗಿಡಗಳಲ್ಲಂತೂ ಅದನ್ನು ಪತ್ತೆಹಚ್ಚುವುದೇ ಕಷ್ಟವಾಯಿತು. ಜೀನಿನ ಹಿಂಭಾಗವನ್ನು ಕತ್ತರಿಸಿ, ವಿಷಕ್ಕೆ ಅಗತ್ಯವಾದ ಮುಂಭಾಗವನ್ನು ಮಾತ್ರ ಉಳಿಸಿಕೊಂಡಾಗ ತುಸು ಫಲ ಕಂಡಿತು. ವಿದ್ಯುತ್ ಮಂಡಲದಲ್ಲಿ ಬ್ಯಾಟರಿಯೂ ಸರಿ, ಸ್ವಿಚ್ಚೂ ಸರಿ, ಆದರೂ ದೀಪವು ಮಿಣುಕುತ್ತದೆ ಎಂದರೆ ನಾವು ತಂತಿಯನ್ನು ಅನುಮಾನಿಸುತ್ತೇವಷ್ಟೆ. ಇಲ್ಲಿಯೂ ತಂತಿ ನಡುವೆಯೇ ತುಂಡಾಗುತ್ತಿತ್ತು. ತುಂಡು ಮಾಡುತ್ತಿದ್ದುದು ಗಿಡವೇ.

ಇದು ಹೇಗೆಂದು ತಿಳಿಯಬೇಕಾದರೆ ಜೀನಿನ ಬರಹವು ಪ್ರೋಟೀನಾಗುವ ದಾರಿಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಡಿಎನ್‌ಎಯು ಕೋಶಕೇಂದ್ರವನ್ನು ಬಿಟ್ಟು ಹೊರಡುವುದಿಲ್ಲ. ಪಾಲಿಮರೇಸ್ ಎಂಬ ಕಿಣ್ವವು ಡಿಎನ್‌ಎಯ ಮೇಲೆ ಸಾಗುತ್ತ, ಅಲ್ಲಿನ ಬರಹವನ್ನು ಆರ್‌ಎನ್‌ಎ ಎಂಬ ಎಳೆಯಲ್ಲಿ ನಕಲುಮಾಡುತ್ತದೆ. ಈ ನಕಲು ಹೊರಗಿನ ರೈಬೋಸೋಮುಗಳನ್ನು ಸೇರಿ, ಅಲ್ಲಿ ಪ್ರೋಟೀನಿನ ಜೋಡಣೆ ನಡೆಯುತ್ತದೆ. ದೂತನಂತೆ ಸುದ್ದಿಯನ್ನು ಒಯ್ಯುವುದರಿಂದ ಅದಕ್ಕೆ ದೂತ ಆರ್‌ಎನ್‌ಎ ಎಂದು ಹೆಸರು. ಅದರ ಅಸ್ತಿತ್ವವು ಪ್ರಯೋಗಗಳಿಂದ ಸ್ಥಿರಪಟ್ಟದ್ದು 1961ರಲ್ಲಿ. ಅದರ ಅಕ್ಷರಗಳು ನಾಲ್ಕೇ: ಅಡಿನೀನ್, ಯುರಸಿಲ್, ಗ್ವಾನೀನ್, ಸೈಟೊಸೀನ್. ಇವನ್ನು ಕ್ರಮವಾಗಿ ಎ, ಯು, ಜಿ, ಸಿ ಎಂದು ಸಂಕ್ಷೇಪಿಸುವುದು ವಾಡಿಕೆ.

ಹೀಗೆ ನಕಲಾದ ಎಳೆಯು ಹಾಗೆಯೇ ಪ್ರಯಾಣಕ್ಕೆ ಯೋಗ್ಯವಲ್ಲ. ಕೋಶದಲ್ಲಿ ಆರ್‌ಎನ್‌ಎಯನ್ನು ತುದಿಯಿಂದ ಕಡಿದು ತಿನ್ನುವ ಕಿಣ್ವಗಳು ಹೇರಳವಾಗಿವೆ. ಆದುದರಿಂದ ಎರಡು ತುದಿಗಳಿಗೂ ರಕ್ಷೆ ಬೇಕು. ಮುಂದಿನ ತುದಿಗೆ ಒಂದು ಗ್ವಾನೀನ್ ಘಟಕವನ್ನು ತಲೆಕೆಳಗಾಗಿ ಜೋಡಿಸಿ ಟೋಪಿಯಂತೆ ತೊಡಿಸಲಾಗುತ್ತದೆ. ಈ ಟೋಪಿಯ ರಚನೆ 1975ರ ವೇಳೆಗೆ ತಿಳಿದುಬಂದಿತು. ಎಳೆಯು ಪಾಲಿಮರೇಸಿನಿಂದ ಹೊರಬರುತ್ತಿರುವಾಗಲೇ ಈ ಕೆಲಸ ಮುಗಿಯುತ್ತದೆ. ಅದರಲ್ಲಿ ಗೊಂದಲಕ್ಕೆ ಎಡೆ ಕಡಮೆ.

ಹಿಂದಿನ ತುದಿಯ ಕಥೆ ಹೆಚ್ಚು ಸ್ವಾರಸ್ಯವಾದುದು. ಪಾಲಿಮರೇಸು ಜೀನಿನ ಕೊನೆಯಲ್ಲಿ ತಾನಾಗಿ ನಿಲ್ಲುವುದಿಲ್ಲ. ನಿಲ್ದಾಣವನ್ನು ದಾಟಿ ಓಡುವ ರೈಲಿನಂತೆ ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ. ಅದರ ಹಿಂದೆ ತೂಗುತ್ತಿರುವ ಎಳೆಯನ್ನು ಪ್ರೋಟೀನುಗಳ ಒಂದು ದೊಡ್ಡ ತಂಡವು ತಕ್ಕ ಸ್ಥಳದಲ್ಲಿ ಹಿಡಿದು ಕತ್ತರಿಸುತ್ತದೆ. ಕತ್ತರಿಸಿದ ತುದಿಗೆ ಇನ್ನೊಂದು ಕಿಣ್ವವು ಎ, ಎ, ಎ ಎಂದು ಒಂದೇ ಅಕ್ಷರವನ್ನು ಸಾಲಾಗಿ ಸೇರಿಸುತ್ತದೆ. ಸಸ್ತನಿಗಳಲ್ಲಿ ಈ ಬಾಲವು ಮೊದಲು ಸುಮಾರು 200 ಅಕ್ಷರಗಳಷ್ಟು ಉದ್ದವಿರುತ್ತದೆ. ಡಿಎನ್‌ಎಯಲ್ಲಿ ಈ ಬಾಲದ ಬರಹವಿಲ್ಲ. ಯಾವ ಮಾತೃಕೆಯೂ ಇಲ್ಲದೆ ಅಕ್ಷರಗಳನ್ನು ಪೋಣಿಸುವ ಈ ವಿಚಿತ್ರ ಕಿಣ್ವವನ್ನು 1960ರಲ್ಲಿಯೇ ಮೇರಿ ಎಡ್ಮಂಡ್ಸ್ ಮತ್ತು ರಿಚರ್ಡ್ ಏಬ್ರಮ್ಸ್ ಎಂಬವರು ಕರುವಿನ ಥೈಮಸ್ ಗ್ರಂಥಿಯಲ್ಲಿ ಕಂಡುಹಿಡಿದಿದ್ದರು. ಆದರೆ ಅದಕ್ಕೆ ಕೋಶದಲ್ಲಿ ಏನು ಉದ್ಯೋಗವೆಂಬುದು ಯಾರಿಗೂ ಹೊಳೆಯಲಿಲ್ಲ. ದೂತ ಆರ್‌ಎನ್‌ಎಯ ಬಾಲವು 1971ರಲ್ಲಿ ಪತ್ತೆಯಾದ ಮೇಲೆ, ಹನ್ನೊಂದು ವರ್ಷಗಳ ಕಾಲ ಉದ್ಯೋಗವಿಲ್ಲದೆ ಕುಳಿತಿದ್ದ ಆ ಕಿಣ್ವಕ್ಕೆ ಅರ್ಥ ಬಂದಿತು.

ಹಾಗಾದರೆ ‘ತಕ್ಕ ಸ್ಥಳ’ ಎಂಬುದು ಆ ತಂಡಕ್ಕೆ ತಿಳಿಯುವುದೆಂತು? ಪ್ರಾಣಿಗಳ ಮಟ್ಟಿಗೆ ಉತ್ತರವು ಬೇಗನೆ ದೊರೆಯಿತು. 1976ರಲ್ಲಿ ಕೇಂಬ್ರಿಜ್ಜಿನ ನಿಕೊಲಸ್ ಪ್ರೌಡ್‌ಫುಟ್ ಮತ್ತು ಜಾರ್ಜ್ ಬ್ರೌನ್ಲೀ ಅವರು ಆರು ಬೇರೆ ಬೇರೆ ದೂತ ಆರ್‌ಎನ್‌ಎಗಳ ಹಿಂದುದಿಗಳನ್ನು ಹೋಲಿಸಿ ನೋಡಿದರು. ಆರರಲ್ಲಿಯೂ ಬಾಲಕ್ಕೆ ಸ್ವಲ್ಪ ಮುಂಚೆ ಎ-ಎ-ಯು-ಎ-ಎ-ಎ ಎಂಬ ಆರು ಅಕ್ಷರಗಳ ಪದವಿತ್ತು. ಇದೇ ಸೂಚನೆ, ಇದರಿಂದ ಹತ್ತರಿಂದ ಮೂವತ್ತು ಅಕ್ಷರಗಳ ದೂರದಲ್ಲಿ ಕತ್ತರಿಸಬೇಕೆಂದು ಅರ್ಥ. ಈ ಪದವು ಎಷ್ಟು ಮುಖ್ಯವೆಂಬುದಕ್ಕೆ 1983ರಲ್ಲಿ ಒಂದು ಕಠೋರ ನಿದರ್ಶನ ದೊರೆಯಿತು. ಥಲಸೀಮಿಯ ಎಂಬ ಆನುವಂಶಿಕ ರಕ್ತಹೀನತೆಯ ಕೆಲವು ರೋಗಿಗಳಲ್ಲಿ ಹಿಮೊಗ್ಲೋಬಿನ್ ಜೀನಿನ ಪ್ರೋಟೀನು ಬರಹವು ನಿರ್ದೋಷವಾಗಿತ್ತು. ಈ ಸೂಚನಾಪದದ ಕೊನೆಯ ಎ ಮಾತ್ರ ಜಿ ಆಗಿತ್ತು. ಒಂದೇ ಅಕ್ಷರದ ತಪ್ಪು.

ಇಂತಹ ನಿಯಮವನ್ನು ಕಂಡರೆ ಭೌತವಿಜ್ಞಾನವನ್ನು ಬೋಧಿಸುವ ನಮ್ಮಂಥವರಿಗೆ ಬಹು ಸಂತೋಷವಾಗುತ್ತದೆ. ಒಂದು ಪದ, ಒಂದು ದೂರ, ಒಂದು ಕಾರ್ಯ. ಸಸ್ಯಗಳಲ್ಲಿಯೂ ಹೀಗೆಯೇ ಇರಬೇಕೆಂದು ಎಲ್ಲರೂ ಊಹಿಸಿದರು. ಆದರೆ ಊಹೆ ಹುಸಿಯಾಯಿತು. 1987ರಲ್ಲಿ ಆರ್ಥರ್ ಹಂಟ್ ಮತ್ತು ಅವರ ಸಂಗಡಿಗರು ಪ್ರಾಣಿಗಳ ಜೀನುಗಳಿಂದ ತೆಗೆದ ಅಂತ್ಯಸೂಚನೆಗಳನ್ನು ಸಸ್ಯಕೋಶದಲ್ಲಿಟ್ಟು ಪರೀಕ್ಷಿಸಿದಾಗ, ಸಸ್ಯವು ಅವನ್ನು ಸರಿಯಾಗಿ ಗುರುತಿಸಲಿಲ್ಲ. ಅತ್ತ ಸಸ್ಯಗಳದೇ ಜೀನುಗಳಲ್ಲಿ ಹುಡುಕಿದರೆ ಆ ಪ್ರಸಿದ್ಧ ಪದವು ಬಹುತೇಕ ಕಡೆ ಇಲ್ಲವೇ ಇಲ್ಲ. ಸಾಸಿವೆಯ ಕುಲಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡವು ಸಸ್ಯವಿಜ್ಞಾನಿಗಳ ನೆಚ್ಚಿನ ಪ್ರಯೋಗವಸ್ತು. 2005ರಲ್ಲಿ ಅದರ ಸುಮಾರು ಎಂಟು ಸಾವಿರ ಜೀನುಗಳ ತುದಿಗಳನ್ನು ಗಣಕಯಂತ್ರದಿಂದ ಪರಿಶೀಲಿಸಿದಾಗ, ಯಥಾಪ್ರಕಾರವಾದ ಎ-ಎ-ಯು-ಎ-ಎ-ಎ ಕಾಣಿಸಿದ್ದು ಶೇಕಡ ಹತ್ತರಷ್ಟರಲ್ಲಿ ಮಾತ್ರ. ಆದರೂ ಉಳಿದ ತೊಂಬತ್ತು ಭಾಗವನ್ನು ಗಿಡವು ತಡವರಿಸದೆ ಕತ್ತರಿಸಿ ಬಾಲ ಕಟ್ಟುತ್ತಿತ್ತು.

ಇದರ ಮರ್ಮವನ್ನು ಒಂದು ಹೋಲಿಕೆಯಿಂದ ತಿಳಿಸಲು ಯತ್ನಿಸುತ್ತೇವೆ. ಮುದ್ರಿತ ಪುಸ್ತಕದಲ್ಲಿ ವಾಕ್ಯವು ಮುಗಿದೊಡನೆ ಪೂರ್ಣವಿರಾಮದ ಚುಕ್ಕೆ ಇರುತ್ತದೆ; ಚುಕ್ಕೆ ಬಿದ್ದುಹೋದರೆ ಓದುಗನು ಎಡವುತ್ತಾನೆ. ನಮ್ಮ ಹಳೆಯ ಓಲೆಗರಿಯ ಗ್ರಂಥಗಳು ಅನೇಕ ವೇಳೆ ಹಾಗಲ್ಲ. ಪದಗಳ ನಡುವೆ ಬಿಡುವಿಲ್ಲದೆ ಗರಿಯ ಉದ್ದಕ್ಕೂ ಅಕ್ಷರಗಳನ್ನು ಕೊರೆದಿರುತ್ತಾರೆ. ಕಂದಪದ್ಯವು ಎಲ್ಲಿ ಮುಗಿಯಿತೆಂಬುದನ್ನು ಓದುವವನು ಮಾತ್ರೆಗಳನ್ನೆಣಿಸಿ, ಪ್ರಾಸವನ್ನು ನೋಡಿ, ಅರ್ಥವನ್ನು ಹೊಂದಿಸಿ ನಿರ್ಣಯಿಸಬೇಕು. ಯಾವ ಒಂದು ಗುರುತೂ ಅನಿವಾರ್ಯವಲ್ಲ. ಎಲ್ಲವೂ ಕೂಡಿ ನಿರ್ಣಯವಾಗುತ್ತದೆ. ಸಸ್ಯಕೋಶವು ತನ್ನ ಸಂದೇಶವನ್ನು ಓದುವುದು ಈ ಎರಡನೆಯ ರೀತಿಯಲ್ಲಿ.

ಅದು ನೋಡುವ ಗುರುತುಗಳು ಮುಖ್ಯವಾಗಿ ಮೂರು ಬಗೆಯವು. ಕತ್ತರಿಸುವ ಸ್ಥಳವು ಬಹುಮಟ್ಟಿಗೆ ಯು ಅಕ್ಷರಗಳೇ ತುಂಬಿದ ಒಂದು ಪ್ರದೇಶದ ನಡುವೆ, ಸಿ-ಎ ಅಥವಾ ಯು-ಎ ಎಂಬ ಜೋಡಿಯ ಬಳಿ ಇರುತ್ತದೆ. ಅದಕ್ಕೆ ಹತ್ತಿಪ್ಪತ್ತು ಅಕ್ಷರಗಳಷ್ಟು ಮುಂಚೆ ಎ ಅಕ್ಷರಗಳು ಹೇರಳವಾದ ಸಮೀಪದ ಗುರುತು. ಪ್ರಾಣಿಗಳ ಆರಕ್ಷರದ ಪದವು ಕೂರಬೇಕಾದ ಪೀಠವಿದು, ಆದರೆ ಇಲ್ಲಿ ಅದರ ಹತ್ತಾರು ರೂಪಾಂತರಗಳೂ ಸಲ್ಲುತ್ತವೆ. ಇನ್ನೂ ಮುಂಚೆ, ಕೆಲವು ವೇಳೆ ನೂರು ಅಕ್ಷರಗಳಿಗೂ ಮಿಕ್ಕ ದೂರದವರೆಗೆ, ಯು ಮತ್ತು ಜಿ ಅಕ್ಷರಗಳು ಸೇರಿದ ದೂರದ ಗುರುತು ಹಬ್ಬಿರುತ್ತದೆ. ಇದು ಖಚಿತವಾದ ಪದವಲ್ಲ, ಒಂದು ಬಗೆಯ ಲಯವೆಂದರೆ ಸರಿಯಾದೀತು. ಹೂಕೋಸಿನ ಮೊಸಾಯಿಕ್ ವೈರಸ್ಸಿನಲ್ಲಿ ಅದೃಷ್ಟವಶಾತ್ ಎ-ಎ-ಯು-ಎ-ಎ-ಎ ಪದವೇ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅದರ ಅಕ್ಷರಗಳನ್ನು ಒಂದೊಂದಾಗಿ ಬದಲಿಸಿ ನೋಡಿದರು. ಮನುಷ್ಯನಲ್ಲಿ ರೋಗವನ್ನೇ ತರುವಂಥ ಒಂದಕ್ಷರದ ಬದಲಾವಣೆಯನ್ನು ಸಸ್ಯವು ಬಹುಮಟ್ಟಿಗೆ ಸಹಿಸಿಕೊಂಡಿತು. ಪದವನ್ನು ಪೂರ್ತಿಯಾಗಿ ಕಿತ್ತುಹಾಕಿದಾಗ ಮಾತ್ರ ಕೆಲಸ ಕೆಟ್ಟಿತು.

ಈ ವೈರಸ್ಸಿನ ಇನ್ನೊಂದು ಚಮತ್ಕಾರವನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಿಲ್ಲ. ಅದರ ಡಿಎನ್‌ಎಯು ಬಳೆಯಂತೆ ಸುತ್ತಿಕೊಂಡಿದೆ. ಪಾಲಿಮರೇಸು ಹೊರಟ ಸ್ಥಳದಿಂದ ಪೂರ್ತಿ ಒಂದು ಸುತ್ತು ಬಂದು, ಹೊರಟ ಸ್ಥಳವನ್ನು ದಾಟಿ ಇನ್ನೂ ಸ್ವಲ್ಪ ನಡೆದ ಮೇಲೆ ಎಳೆಯನ್ನು ಕತ್ತರಿಸಬೇಕು. ಎಂದರೆ ಅಂತ್ಯಸೂಚನೆಯು ಹೊರಟ ಕೂಡಲೆ ಒಮ್ಮೆ, ಸುತ್ತು ಮುಗಿದ ಮೇಲೆ ಮತ್ತೊಮ್ಮೆ ಎದುರಾಗುತ್ತದೆ. ಮೊದಲನೆಯ ಸಲವೇ ಕತ್ತರಿಸಿದರೆ ವೈರಸ್ಸಿಗೆ ಗತಿಯಿಲ್ಲ. ಆರಂಭಕ್ಕೆ ತೀರ ಸಮೀಪದಲ್ಲಿರುವ ಸೂಚನೆಯನ್ನು ಸಸ್ಯದ ಕತ್ತರಿ ಕಡೆಗಣಿಸುತ್ತದೆಂದು 1990ರಲ್ಲಿ ಎಲೆನ್ ಸಾನ್‌ಫಾಸೊನ್ ಮತ್ತು ಥಾಮಸ್ ಹೋನ್ ತೋರಿಸಿದರು. ಒಂದೇ ಅಕ್ಷರಗಳು, ಆದರೆ ಇರುವ ಸ್ಥಳದ ಮೇಲೆ ಅರ್ಥ ಬೇರೆ.

ಈಗ ಹತ್ತಿಯ ಜೀನಿಗೆ ಹಿಂದಿರುಗೋಣ. ಬೆಸಿಲಸ್ ಬ್ಯಾಕ್ಟೀರಿಯವು ತನ್ನ ಸಂದೇಶವನ್ನು ಮುಗಿಸುವ ರೀತಿಯೇ ಬೇರೆ. ಅಲ್ಲಿ ಎಳೆಯ ಕೊನೆಯು ಕೂದಲಪಿನ್ನಿನಂತೆ ಮಡಿಚಿಕೊಂಡು, ಅದರ ಹಿಂದೆ ಕೆಲವು ಯು ಅಕ್ಷರಗಳು ಬಂದರೆ ನಕಲು ತಾನಾಗಿ ಕಳಚಿಕೊಳ್ಳುತ್ತದೆ. ಆದಕಾರಣ ಜೀನಿನ ನಡುವೆ ಎ ಮತ್ತು ಯು ಅಕ್ಷರಗಳು ಎಷ್ಟು ಗುಂಪುಗೂಡಿದ್ದರೂ ಬ್ಯಾಕ್ಟೀರಿಯಕ್ಕೆ ಬಾಧಕವಿಲ್ಲ. ವಾಸ್ತವವಾಗಿ ಈ ವಿಷದ ಜೀನಿನಲ್ಲಿ ಜಿ ಮತ್ತು ಸಿ ಅಕ್ಷರಗಳು ಶೇಕಡ 37ರಷ್ಟು ಮಾತ್ರ. ಉಳಿದುದೆಲ್ಲ ಇನ್ನೆರಡು ಅಕ್ಷರಗಳು. ಸಸ್ಯದ ಕತ್ತರಿಯ ಕಣ್ಣಿಗೆ ಇದು ಹೆಜ್ಜೆಹೆಜ್ಜೆಗೂ ‘ಇಲ್ಲಿಗೆ ಮುಗಿಯಿತು’ ಎಂದು ಬರೆದ ಓಲೆ! ಗಿಡವು ವಿದೇಶೀ ಜೀನನ್ನು ತಿರಸ್ಕರಿಸುತ್ತಿತ್ತೆಂದು ಭಾವಿಸಬಾರದು. ಅದು ಎಲ್ಲ ಸಂದೇಶಗಳನ್ನು ಓದುವಂತೆಯೇ ಇದನ್ನೂ ಓದಿತು.

ಸೇಂಟ್ ಲೂಯಿಯ ಮಾನ್ಸಾಂಟೊ ಸಂಸ್ಥೆಯಲ್ಲಿ ಫ್ರೆಡರಿಕ್ ಪರ್ಲಾಕ್ ಮತ್ತು ಅವರ ಜೊತೆಗಾರರು ಮಾಡಿದ ಕೆಲಸ 1991ರಲ್ಲಿ ಪ್ರಕಟವಾಯಿತು. ಒಂದೇ ಅಮೈನೋ ಆಮ್ಲವನ್ನು ಹಲವು ಮೂರಕ್ಷರದ ಸಂಕೇತಗಳಿಂದ ಬರೆಯಬಹುದಷ್ಟೆ. ಒಂದೇ ಅರ್ಥವನ್ನು ಸಮಾನಪದಗಳಿಂದ ಹೇಳುವ ಹಾಗೆ. ಈ ಸ್ವಾತಂತ್ರ್ಯವನ್ನು ಬಳಸಿಕೊಂಡು ಅವರು ಜೀನನ್ನು ತಿದ್ದಿ ಬರೆದರು. ಅಂತ್ಯಸೂಚನೆಯಂತೆ ಕಾಣುವ ಗುಂಪುಗಳನ್ನೂ, ಸಂದೇಶವನ್ನು ದುರ್ಬಲಗೊಳಿಸುವಂತೆ ತೋರಿದ ಇತರ ಗುಂಪುಗಳನ್ನೂ ತೆಗೆದುಹಾಕಿದರು. ಪ್ರೋಟೀನು ಮಾತ್ರ ಮೊದಲಿನದೇ. ಶೇಕಡ 4ಕ್ಕೂ ಕಡಮೆ ಅಕ್ಷರಗಳನ್ನು ಬದಲಿಸಿದಾಗ ಪ್ರೋಟೀನಿನ ಪ್ರಮಾಣವು ಹತ್ತು ಮಡಿ ಏರಿತು. ಶೇಕಡ 21ರಷ್ಟನ್ನು ಬದಲಿಸಿದ ಜೀನು ಕೆಲವು ಗಿಡಗಳಲ್ಲಿ ನೂರು ಮಡಿ ಪ್ರೋಟೀನನ್ನು ಕೊಟ್ಟಿತು. ಚಾಲಕ ಖಂಡ ಅದೇ, ಗಿಡ ಅದೇ.

ಆದರೆ ಬದಲಾವಣೆಗಳು ಅನೇಕವಾದುದರಿಂದ, ಯಾವುದರಿಂದ ಎಷ್ಟು ಫಲವೆಂದು ಈ ಪ್ರಯೋಗದಿಂದ ಬೇರ್ಪಡಿಸಿ ಹೇಳುವಂತಿರಲಿಲ್ಲ. ಸಸ್ಯಕ್ಕೆ ರೂಢಿಯಲ್ಲದ ಸಂಕೇತಗಳಿಂದ ಪ್ರೋಟೀನಿನ ಜೋಡಣೆ ನಿಧಾನವಾಗಿದ್ದಿರಬಹುದು, ಸಂದೇಶವೇ ಬೇಗ ನಶಿಸುತ್ತಿದ್ದಿರಬಹುದು ಎಂಬ ವಾದಗಳೂ ಇದ್ದವು. ಅವುಗಳಲ್ಲಿ ಹುರುಳಿಲ್ಲದೆಯೂ ಇರಲಿಲ್ಲ. ವಿಜ್ಞಾನದಲ್ಲಿ ಕಾರ್ಯ ಕೈಗೂಡುವುದು ಬೇರೆ, ಕಾರಣ ತಿಳಿಯುವುದು ಬೇರೆ. ತುಂಡಾದ ಸಂದೇಶಗಳನ್ನೇ ಹಿಡಿದು ತೋರಿಸಿದವರು ಅಮೆರಿಕದ ಮಿಶಿಗನ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪಮೇಲಾ ಗ್ರೀನ್ ಅವರ ತಂಡದವರು. 1998ರಲ್ಲಿ ಅವರು ಹೊಗೆಸೊಪ್ಪಿನ ಕೋಶಗಳಲ್ಲಿ ಈ ಜೀನಿನ ಗಿಡ್ಡ ಗಿಡ್ಡ ನಕಲುಗಳನ್ನು ಕಂಡರು. ಪ್ರತಿಯೊಂದರ ತುದಿಯಲ್ಲಿಯೂ ಎ ಅಕ್ಷರಗಳ ಬಾಲವಿತ್ತು. ಮುರಿದುಬಿದ್ದ ಚೂರಿಗೆ ಬಾಲವಿರುವುದಿಲ್ಲ. ಬಾಲವಿದೆಯೆಂದರೆ ಕೋಶವು ಬೇಕೆಂದೇ ಕತ್ತರಿಸಿ ಕಟ್ಟಿದೆ ಎಂದರ್ಥ. ಪ್ರೋಟೀನು ಬರಹದ ಒಳಗೇ ಇಂತಹ ಅಂತ್ಯಸ್ಥಾನಗಳು ನಾಲ್ಕು ದೊರೆತವು. ಅಕಾಲದಲ್ಲಿ ಬಾಲಕಟ್ಟುವುದರಿಂದ ಪರಜೀನೊಂದು ಸಸ್ಯದಲ್ಲಿ ಸೊರಗಬಹುದೆಂದು ಸ್ಪಷ್ಟವಾಗಿ ಸಿದ್ಧಪಟ್ಟದ್ದು ಆಗಲೇ. 2002ರಲ್ಲಿ ನಮ್ಮ ರೈತರ ಕೈಸೇರಿದ ಹತ್ತಿಯಲ್ಲಿದ್ದುದು ಹೀಗೆ ತಿದ್ದಿ ಬರೆದ ಜೀನು. ಅದರ ಹಿಂದುದಿಗೆ ಜೋಡಿಸಿದ್ದುದು ಸೋಯಾ ಅವರೆಯ ಒಂದು ಜೀನಿನಿಂದ ತೆಗೆದ ಅಂತ್ಯಖಂಡ. ಬರಹ ಬ್ಯಾಕ್ಟೀರಿಯದ್ದಾದರೂ ಪೂರ್ಣವಿರಾಮವು ಸಸ್ಯದ್ದೇ ಆಗಬೇಕಾಯಿತು.

ಇಷ್ಟರಿಂದ ಅಕಾಲದ ಅಂತ್ಯವು ಯಾವಾಗಲೂ ದೋಷವೆಂದು ತಿಳಿಯಬಾರದು. ಗಿಡವು ತನ್ನ ಸ್ವಂತ ಜೀನುಗಳಲ್ಲಿ ಇದನ್ನೇ ಉಪಾಯವಾಗಿ ಬಳಸುತ್ತದೆ. ಅರಾಬಿಡಾಪ್ಸಿಸ್ ಜೀನುಗಳಲ್ಲಿ ಶೇಕಡ 70ರಷ್ಟಕ್ಕೆ ಒಂದಕ್ಕಿಂತ ಹೆಚ್ಚು ಅಂತ್ಯಸ್ಥಾನಗಳುಂಟೆಂದು 2011ರಲ್ಲಿ ತಿಳಿದುಬಂದಿತು. ಇವುಗಳಲ್ಲಿ ಯಾವುದನ್ನು ಆರಿಸುವುದು? ಇಲ್ಲಿ ಭೌತವಿಜ್ಞಾನಿಗೂ ಪರಿಚಿತವಾದ ಒಂದು ಸ್ಪರ್ಧೆ ನಡೆಯುತ್ತದೆ. ಮೊದಲಿನ ಸ್ಥಾನವು ಪಾಲಿಮರೇಸಿನಿಂದ ಮೊದಲು ಹೊರಬೀಳುತ್ತದೆ. ಎರಡನೆಯದು ಹೊರಬರುವಷ್ಟರಲ್ಲಿ ಮೊದಲಿನದಕ್ಕೆ ಕೆಲವು ಕ್ಷಣಗಳ ಅವಕಾಶ ಸಿಗುತ್ತದೆ. ಅಷ್ಟರಲ್ಲಿ ಕತ್ತರಿಯ ತಂಡವು ಅಲ್ಲಿ ಕೂಡಿಕೊಂಡರೆ ಚಿಕ್ಕ ಸಂದೇಶ, ಇಲ್ಲವಾದರೆ ದೊಡ್ಡದು. ಯಾವುದಾದರೊಂದು ಪ್ರೋಟೀನು ಬಂದು ಕತ್ತರಿಗೆ ಕೈನೀಡಿದರೆ ತಕ್ಕಡಿ ವಾಲುತ್ತದೆ.

ಈ ತಕ್ಕಡಿಯ ಮೇಲೆ ನಿಂತಿರುವುದು ಗಿಡದ ಜೀವನದಲ್ಲಿ ಸಣ್ಣ ವಿಷಯವಲ್ಲ; ಹೂಬಿಡುವ ಕಾಲ. ಇಂಗ್ಲೆಂಡಿನ ನಾರಿಚ್ ನಗರದ ಜಾನ್ ಇನ್ಸ್ ಕೇಂದ್ರದಲ್ಲಿ ಕ್ಯಾರೊಲೀನ್ ಡೀನ್ ಅವರ ತಂಡವು 1997ರಲ್ಲಿ ಎಫ್‌ಸಿಎ ಎಂಬ ಜೀನನ್ನು ಗುರುತಿಸಿತು. ಇದು ಕೆಟ್ಟ ಗಿಡಗಳು ಬಹು ತಡವಾಗಿ ಹೂಬಿಡುತ್ತವೆ. ಇದರ ಪ್ರೋಟೀನು ಆರ್‌ಎನ್‌ಎಯನ್ನು ಹಿಡಿಯುವಂಥದು. ಇದರ ಜೊತೆಗಾರನಾದ ಎಫ್‌ವೈ ಎಂಬ ಪ್ರೋಟೀನು ಕತ್ತರಿಯ ತಂಡದ ಸದಸ್ಯನೇ ಎಂದು 2003ರಲ್ಲಿ ಗೊತ್ತಾಯಿತು. ಎಫ್‌ಸಿಎ ಜೀನಿನ ಸಂದೇಶಕ್ಕೂ ಎರಡು ಕೊನೆಗಳುಂಟು. ಮೂರನೆಯ ಇಂಟ್ರಾನಿನಲ್ಲಿ, ಎಂದರೆ ಸಂದೇಶದಿಂದ ಮುಂದೆ ತೆಗೆದುಹಾಕಬೇಕಾದ ಒಂದು ಭಾಗದಲ್ಲಿ ಕತ್ತರಿಸಿದರೆ, ದೊರೆಯುವ ಗಿಡ್ಡ ಸಂದೇಶವು ಕೆಲಸಕ್ಕೆ ಬಾರದು. ಹಾಗೆ ಕತ್ತರಿಸಲು ಪ್ರೇರಿಸುವುದು ಎಫ್‌ಸಿಎ ಪ್ರೋಟೀನೇ! ತಾನು ಹೆಚ್ಚಾದಾಗ ತನ್ನ ಸಂದೇಶವನ್ನು ತಾನೇ ಮೊಟಕುಗೊಳಿಸಿ ಹದದಲ್ಲಿ ನಿಲ್ಲುತ್ತದೆ. ಉಗಿಯಂತ್ರದ ವೇಗನಿಯಂತ್ರಕವನ್ನು ಪಾಠದಲ್ಲಿ ಓದಿದ ವಿದ್ಯಾರ್ಥಿಗಳಿಗೆ ಇದು ಹೊಸ ತತ್ತ್ವವಲ್ಲ.

ಹೂವಿಗೂ ಇದಕ್ಕೂ ಸಂಬಂಧವೇನೆಂದರೆ, ಎಫ್‌ಎಲ್‌ಸಿ ಎಂಬ ಇನ್ನೊಂದು ಜೀನು ಹೂಬಿಡುವುದನ್ನು ತಡೆಯುತ್ತಿರುತ್ತದೆ. ಆ ಜೀನಿನ ಎದುರು ಎಳೆಯಿಂದ, ಹಿಂದುಮುಂದಾಗಿ, ಮತ್ತೊಂದು ಬಗೆಯ ಆರ್‌ಎನ್‌ಎ ತಯಾರಾಗುತ್ತದೆ. ಅದು ಯಾವ ಪ್ರೋಟೀನಿನ ಸಂದೇಶವೂ ಅಲ್ಲ. ಆದರೆ ಎಫ್‌ಸಿಎ ಮತ್ತು ಕತ್ತರಿಯ ತಂಡವು ಅದನ್ನು ಹತ್ತಿರದ ಸ್ಥಾನದಲ್ಲಿ ಕತ್ತರಿಸಿದರೆ, ಆ ಸ್ಥಳದ ಡಿಎನ್‌ಎಯನ್ನು ಸುತ್ತಿರುವ ಪ್ರೋಟೀನುಗಳಲ್ಲಿ ರಾಸಾಯನಿಕ ಬದಲಾವಣೆಯಾಗಿ ಎಫ್‌ಎಲ್‌ಸಿ ಜೀನು ಮೌನತಾಳುತ್ತದೆ. ತಡೆ ತೊಲಗಿ ಗಿಡವು ಹೂಬಿಡುತ್ತದೆ. ಡೀನ್ ಅವರ ತಂಡದ ಈ ಶೋಧವು 2010ರಲ್ಲಿ ಪ್ರಕಟವಾಯಿತು. ಅರ್ಥವಿಲ್ಲದ ಒಂದು ಎಳೆಯನ್ನು ಎಲ್ಲಿ ಕತ್ತರಿಸಿದರೆಂಬುದರ ಮೇಲೆ ಹೂವಿನ ಕಾಲವು ನಿಂತಿದೆಯೆಂದು ಮೊದಲು ಓದಿದಾಗ ನಮಗೆ ನಂಬುಗೆ ಬಾರದೆ ಲೇಖನವನ್ನು ಎರಡು ಸಲ ಓದಬೇಕಾಯಿತು.

ಕಡೆಯದಾಗಿ, ಕತ್ತರಿಯ ತಂಡದಲ್ಲಿಯೇ ಸೇರಿರುವ ಒಂದು ಪ್ರೋಟೀನಿನ ಸಂಗತಿ. ಸಿಪಿಎಸ್‌ಎಫ್-30 ಎಂಬುದು ಅದರ ಹೆಸರು. ಯೀಸ್ಟಿನಲ್ಲಿ ಇದಿಲ್ಲದೆ ಬದುಕೇ ಇಲ್ಲ. ಅರಾಬಿಡಾಪ್ಸಿಸ್ ಮಾತ್ರ ಇದಿಲ್ಲದೆಯೂ ಬದುಕುತ್ತದೆ; ಆದರೆ ಆಗ ಅದರ ಅಸಂಖ್ಯಾತ ಜೀನುಗಳ ಕೊನೆಗಳು ಸ್ಥಾನ ಬದಲಿಸುತ್ತವೆ, ಪಕ್ಕದ ಬೇರುಗಳು ಕಡಮೆಯಾಗುತ್ತವೆ. ಈ ಪ್ರೋಟೀನಿನ ಜೀನಿನಲ್ಲಿಯೂ ಎರಡು ಕೊನೆಗಳಿವೆ. ಮೊದಲಿನ ಕೊನೆಯಲ್ಲಿ ಕತ್ತರಿಸಿದರೆ ಚಿಕ್ಕ ಪ್ರೋಟೀನು. ಮುಂದಿನದರಲ್ಲಿ ಕತ್ತರಿಸಿದರೆ, ಆರ್‌ಎನ್‌ಎಯ ಮೇಲಿನ ಮೀಥೈಲ್ ಗುರುತುಗಳನ್ನು ಓದಬಲ್ಲ ಒಂದು ಹೆಚ್ಚಿನ ಅಂಗವುಳ್ಳ ದೊಡ್ಡ ಪ್ರೋಟೀನು. ಕತ್ತರಿಯು ಎಂಥದಾಗಬೇಕೆಂಬುದನ್ನೂ ಕತ್ತರಿಯೇ ನಿರ್ಣಯಿಸುತ್ತದೆ. ಇದಲ್ಲದೆ, ಗಿಡಕ್ಕೆ ಗಾಯವಾದಾಗ, ಗಾಳಿ ತಾಗಿದಾಗ, ಬಿಸಿ ಹೆಚ್ಚಿದಾಗ ಅದರ ಕೋಶಗಳಲ್ಲಿ ಕ್ಯಾಲ್ಸಿಯಂ ಏರುತ್ತದೆ. ಆ ಕ್ಯಾಲ್ಸಿಯಮ್ಮನ್ನು ಹಿಡಿಯುವ ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನು ಬಂದು ಈ ಚಿಕ್ಕ ಸಿಪಿಎಸ್‌ಎಫ್-30ಕ್ಕೆ ಅಂಟಿಕೊಂಡರೆ, ಅದು ಆರ್‌ಎನ್‌ಎಯ ಮೇಲಿನ ತನ್ನ ಹಿಡಿತವನ್ನು ಸಡಿಲಿಸುತ್ತದೆಂದು 2006ರಲ್ಲಿ ಪ್ರಯೋಗನಳಿಕೆಯಲ್ಲಿ ಕಂಡುಬಂದಿದೆ.